ಅರ್ಜಿಯ ಭಾವಚಿತ್ರ: ಪಿಕ್ಸೆಲ್ ಮತ್ತು ಸೆಂಟಿಮೀಟರಿನ ಲೆಕ್ಕ



ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಎಲ್ಲವೂ ಸರಿಯಿದ್ದು, ಭಾವಚಿತ್ರ ಒಂದರ ದೆಸೆಯಿಂದ ನಾವು ಹಿಂದಿರುಗಿಸಿದ ಅರ್ಜಿಗಳಿವೆ. ಸಿದ್ದಾಪುರ ಕಡೆಯ ಕಾಫಿ ತೋಟದಲ್ಲಿ ದುಡಿಯುವ ತಾಯಿಯೊಬ್ಬರು ಮಗಳ ಅರ್ಜಿ ತಂದಿದ್ದರು. ವಾಟ್ಸಾಪ್‌ನಲ್ಲಿ ಬಂದ ಚಿತ್ರವನ್ನು ಅರ್ಜಿಯ ಚೌಕ ತುಂಬುವಂತೆ ಎಳೆದು ಮುದ್ರಿಸಲಾಗಿತ್ತು. ಮುಖ ಅಗಲವಾಗಿ, ಕಣ್ಣು ಮಸುಕಾಗಿ, ಆಧಾರ್ ಕಾರ್ಡಿನಲ್ಲಿರುವ ಹುಡುಗಿ ಇವಳೇ ಎಂದು ಹೇಳುವಂತಿರಲಿಲ್ಲ. ಅವರು ಇನ್ನೊಂದು ದಿನದ ಕೂಲಿ ಬಿಟ್ಟು, ಮಳೆಯಲ್ಲಿ ಮತ್ತೆ ಬಸ್ಸು ಹಿಡಿದು ಬಂದರು. ಇಂಥದ್ದು ತಪ್ಪಲೆಂದು ಈ ವಿವರಣೆ.

ಫೋನಿನ ಚಿತ್ರಕ್ಕೆ ಸೆಂಟಿಮೀಟರಿನ ಅಳತೆ ಇಲ್ಲ. ಅದು ಪಿಕ್ಸೆಲ್ ಎಂಬ ಬಣ್ಣದ ಚುಕ್ಕಿಗಳ ಸಾಲು ಮಾತ್ರ. ಕಣದಲ್ಲಿ ಕಾಫಿ ಹರಡುವುದನ್ನು ನೆನೆಯಿರಿ. ಅದೇ ಒಂದು ಮೂಟೆಯನ್ನು ಸಣ್ಣ ಕಣದಲ್ಲಿ ಹರಡಿದರೆ ಒತ್ತಾಗಿರುತ್ತದೆ, ದೊಡ್ಡ ಕಣದಲ್ಲಿ ಹರಡಿದರೆ ನೆಲ ಕಾಣುತ್ತದೆ. ಚುಕ್ಕಿಗಳನ್ನು ಕಾಗದದ ಮೇಲೆ ಎಷ್ಟು ಒತ್ತಾಗಿ ಹರಡುತ್ತೇವೆ ಎಂಬುದೇ ಚಿತ್ರದ ಸ್ಪಷ್ಟತೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕೆಂಬುದು ರೂಢಿ. ಇದನ್ನೇ ಸ್ಟುಡಿಯೋದವರು 300 ಡಿ.ಪಿ.ಐ. ಎನ್ನುತ್ತಾರೆ.

ನಮ್ಮ ಅರ್ಜಿಯ ಚೌಕ 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರ. ಒಂದು ಇಂಚಿಗೆ 2.54 ಸೆಂ.ಮೀ. ಆದ್ದರಿಂದ 3.5 ಅನ್ನು 2.54ರಿಂದ ಭಾಗಿಸಿ 300ರಿಂದ ಗುಣಿಸಿದರೆ 413 ಪಿಕ್ಸೆಲ್. 4.5ಕ್ಕೆ ಹೀಗೆಯೇ ಮಾಡಿದರೆ 531. ಏಳನೇ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕವಿದು. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ ಸುಮಾರು 3000 × 4000 ಪಿಕ್ಸೆಲ್ ಇರುತ್ತದೆ. ಅಂದರೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಕೊರತೆಯಾಗುವುದು ಆಮೇಲೆ, ಕೈಯಿಂದ ಕೈಗೆ ಹೋಗುವಾಗ.

ಈ ಕೆಳಗಿನ ಕ್ರಮ ಅನುಸರಿಸಿ:

1. ಮೂಲ ಚಿತ್ರವನ್ನು ಹಾಗೆಯೇ ಉಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಅಂಗಡಿಗೆ ಕಳುಹಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ. ಫೋಟೋ ಆಗಿ ಕಳುಹಿಸಿದರೆ ಸಾಮಾನ್ಯವಾಗಿ ಚಿತ್ರ ಕುಗ್ಗುತ್ತದೆ.

2. ಮೊದಲು ಕತ್ತರಿಸಿ, ಆಮೇಲೆ ಕುಗ್ಗಿಸಿ. ಅಗಲ-ಎತ್ತರದ ಪ್ರಮಾಣ 7ಕ್ಕೆ 9 ಇರಲಿ. ಒಂದೇ ಬದಿಗೆ ಎಳೆದರೆ ಮುಖ ಕೆಡುತ್ತದೆ. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಅಳತೆಯ ಪಕ್ಕದ ಸರಪಳಿ ಗುರುತು ಕೂಡಿಕೊಂಡಿದ್ದರೆ ಪ್ರಮಾಣ ತಪ್ಪುವುದಿಲ್ಲ.

3. ಅಳತೆ 413 × 531, ಇಂಚಿಗೆ 300 ಎಂದು ಕೊಡಿ. ಸಣ್ಣ ಚಿತ್ರಕ್ಕೆ 300 ಎಂದು ಬರೆದ ಮಾತ್ರಕ್ಕೆ ಇಲ್ಲದ ವಿವರ ಹುಟ್ಟುವುದಿಲ್ಲ.

4. ಮುದ್ರಿಸುವಾಗ ‘ಫಿಟ್ ಟು ಪೇಜ್’ ಬೇಡ, ‘ಆಕ್ಚುಯಲ್ ಸೈಜ್’ ಅಥವಾ ಶೇ. 100 ಇರಲಿ. 4 × 6 ಇಂಚಿನ ಒಂದು ಹಾಳೆಯಲ್ಲಿ ಎಂಟು ಪ್ರತಿ ಹಿಡಿಸುತ್ತವೆ.

5. ಅಂಗಡಿ ಬಿಡುವ ಮೊದಲು ಮಕ್ಕಳ ಸ್ಕೇಲಿನಿಂದ ಅಳೆದು ನೋಡಿ.

ಇನ್ನೊಂದು ಎಚ್ಚರ. ಆನ್‌ಲೈನ್ ಅರ್ಜಿಗಳಲ್ಲಿ ಇಷ್ಟೇ ಕೆ.ಬಿ. ಇರಬೇಕೆಂಬ ಮಿತಿ ಇರುತ್ತದೆ. ಅದಕ್ಕಾಗಿ 200 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿದ ಚಿತ್ರವನ್ನೇ 3.5 ಸೆಂ.ಮೀ.ಗೆ ಮುದ್ರಿಸಿದರೆ ಇಂಚಿಗೆ 145 ಚುಕ್ಕಿ ಮಾತ್ರ ಸಿಗುತ್ತದೆ, ಮುಖ ಮಸುಕಾಗುತ್ತದೆ. ಆನ್‌ಲೈನಿಗೆ ಒಂದು, ಮುದ್ರಣಕ್ಕೆ ಒಂದು ಎಂದು ಮೂಲದಿಂದಲೇ ಎರಡು ಪ್ರತಿ ಮಾಡಿಟ್ಟುಕೊಳ್ಳಿ.

ದಾನಿಗಳಲ್ಲಿಯೂ ಒಂದು ವಿನಂತಿ. ಹಿರಿಯರ ನೆನಪಿಗೆ ದತ್ತಿ ನೀಡಿದವರು ಈ ವರದಿಗಾಗಿ ಅವರ ಚಿತ್ರ ಕಳುಹಿಸುತ್ತೀರಿ. 9 ಸೆಂ.ಮೀ. ಅಗಲಕ್ಕೆ ಅಚ್ಚಾಗಲು 1063 ಪಿಕ್ಸೆಲ್ ಬೇಕು. ಹಳೆಯ ಫೋಟೋವನ್ನು ಫೋನಿನಲ್ಲಿ ತೆಗೆಯುವ ಬದಲು ಸ್ಕ್ಯಾನ್ ಮಾಡಿಸಿ. ಅದು ಸ್ಟಾಂಪ್ ಗಾತ್ರದ್ದಾಗಿದ್ದರೆ ಇಂಚಿಗೆ 600ರಂತೆ ಅಥವಾ ಅದಕ್ಕಿಂತ ಹೆಚ್ಚಿಗೆ ಮಾಡಿಸಿ.

ಭಾವಚಿತ್ರದ ಕಾರಣಕ್ಕೆ ಈ ಸಾಲಿನಿಂದ ನಾವು ಯಾವ ಅರ್ಜಿಯನ್ನೂ ಹಿಂದಿರುಗಿಸುವುದಿಲ್ಲ. ಮೂಲ ಚಿತ್ರ ಫೋನಿನಲ್ಲಿದ್ದರೆ ಕಚೇರಿಯಲ್ಲೇ ಸರಿಪಡಿಸಿ ಮುದ್ರಿಸಿಕೊಡುತ್ತೇವೆ. ಆದರೆ ಕಾಲೇಜು, ಪರೀಕ್ಷೆ, ಉದ್ಯೋಗದ ಅರ್ಜಿಗಳಲ್ಲಿ ಎಲ್ಲರೂ ಹೀಗೆ ಕಾಯಲಾರರು. ಆದ್ದರಿಂದ ಮಕ್ಕಳು ಈ ಲೆಕ್ಕವನ್ನು ತಾವೇ ಕಲಿಯಲಿ, ನೆರೆಮನೆಯವರಿಗೂ ಹೇಳಿಕೊಡಲಿ ಎಂದು ಕೋರುತ್ತೇವೆ.