ವೈರಸ್ ಹೋದ ಮೇಲೆ ಮಗುವಿನ ಉಸಿರು

ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಆರ್‌ಎಸ್‌ವಿ ಎಂಬ ವೈರಸ್ ಒಮ್ಮೆಯಾದರೂ ತಗಲುತ್ತದೆ. ಹೆಚ್ಚಿನವರಿಗೆ ಅದು ಬರಿಯ ನೆಗಡಿ. ಕೆಲವು ಶಿಶುಗಳಲ್ಲಿ ಮಾತ್ರ ಶ್ವಾಸಕೋಶದ ಸಣ್ಣ ಕೊಳವೆಗಳು ಊದಿಕೊಂಡು, ಕಫ ಕಟ್ಟಿ, ಉಸಿರಾಟ ಕಷ್ಟವಾಗುತ್ತದೆ. ಗುಣವಾದ ಮೇಲೂ ಉಬ್ಬಸ ಮರುಕಳಿಸಿದರೆ, ವೈರಸ್ಸೇ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸಿತೆಂದು ಹೆತ್ತವರು ಹೆದರುವುದು ಸಹಜ. ಆದರೆ ಪುರಾವೆಗಳು ಅಷ್ಟು ಸರಳವಾಗಿ ಹಾಗೆ ಹೇಳುವುದಿಲ್ಲ. ಅಮೆರಿಕದ ಟೂಸಾನ್ ನಗರದಲ್ಲಿ 1980ರಲ್ಲಿ ಆರಂಭವಾದ ಅಧ್ಯಯನವೊಂದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸಿತು. ಆರ್‌ಎಸ್‌ವಿಯಿಂದ ಎದೆ ಕಟ್ಟಿದ್ದ ಮಕ್ಕಳಲ್ಲಿ ಉಬ್ಬಸದ ಸಾಧ್ಯತೆ ಹೆಚ್ಚಿತ್ತು ನಿಜ. ವಯಸ್ಸು ಏರಿದಂತೆ ಅದು ಇಳಿಯುತ್ತಾ, 13ರ ಹೊತ್ತಿಗೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಉಬ್ಬಸ ಬಂದ ಹಲವು ಮಕ್ಕಳ ಶ್ವಾಸಕೋಶದ ಸಾಮರ್ಥ್ಯ ಕಾಯಿಲೆಗೆ ಮೊದಲೇ ಕಡಿಮೆಯಿತ್ತು.

ಹಾಗಾದರೆ ವೈರಸ್ಸಿನ ಪಾತ್ರವೇ ಇಲ್ಲವೇ ಎಂದು ಕೇಳಬಹುದು. ಇದೆ. ನೆದರ್ಲೆಂಡ್ಸ್‌ನಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಆರ್‌ಎಸ್‌ವಿ ವಿರುದ್ಧ ಪ್ರತಿಕಾಯದ ಚುಚ್ಚುಮದ್ದು ಕೊಟ್ಟಾಗ ಮೊದಲ ವರ್ಷದ ಉಬ್ಬಸ ಸ್ಪಷ್ಟವಾಗಿ ತಗ್ಗಿತು. ಆದರೆ ಆರನೇ ವಯಸ್ಸಿನಲ್ಲಿ ಅಳೆದಾಗ, ಚುಚ್ಚುಮದ್ದು ಪಡೆದವರ ಮತ್ತು ಪಡೆಯದವರ ಶ್ವಾಸಕೋಶದ ಸಾಮರ್ಥ್ಯ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ ವೈರಸ್ ಬಹುಪಾಲು ಈಗಾಗಲೇ ಇದ್ದ ದೌರ್ಬಲ್ಯವನ್ನು ಬಯಲಿಗೆಳೆಯುತ್ತದೆ. ಹಾಗೆಂದು ಸುಮ್ಮನಿರುವಂತಿಲ್ಲ. ಮನೆಯೊಳಗೆ ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ ಇರದಂತೆ ನೋಡಿಕೊಳ್ಳಿ. ಉಬ್ಬಸ ಪದೇ ಪದೇ ಬಂದರೆ ಮಕ್ಕಳ ವೈದ್ಯರಿಗೆ ತೋರಿಸಿ, ಐದಾರು ವರ್ಷದ ನಂತರ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯ ಬಗ್ಗೆ ಕೇಳಿ.