ಮೊದಲ ಲೇಖಕಿಯರ ಕಥೆಗಳಲ್ಲಿ ಸಂಸಾರ ಮತ್ತು ವಿವಾಹ

ಕಾಯಿಯನ್ನು ವರ್ಷಕಾಲ ಅಟ್ಟದ ಮೇಲಿರಿಸಿ, ಕೊಬ್ಬರಿಯ ಧಾರಣೆಯನ್ನು ನೋಡಿಕೊಂಡು ಮಗಳ ಲಗ್ನದ ವೆಚ್ಚವನ್ನು ಎಣಿಸುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ಸೀಮೆಗೆ ಹೊಸದಲ್ಲ. ಆ ಮಗಳಿಗೆ ವಯಸ್ಸೆಷ್ಟಿರಬೇಕೆಂಬುದನ್ನು, ಈ ತಾಲ್ಲೂಕುಗಳನ್ನು ಆಳುತ್ತಿದ್ದ ಮೈಸೂರು ಸರ್ಕಾರವು 1894ರಲ್ಲಿ ಕಾನೂನಿನ ವಿಷಯವನ್ನಾಗಿ ಮಾಡಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ವಿವಾಹವನ್ನು ಆ ಶಾಸನವು ನಿಷೇಧಿಸಿತು. ಎಂಟೇ ವರ್ಷ! ಅದೇ ಸಂಸ್ಥಾನದ ನಂಜನಗೂಡಿನಲ್ಲಿ 1887ರಲ್ಲಿ ಜನಿಸಿದ ತಿರುಮಲಾಂಬೆಯವರಿಗೆ ಹತ್ತನೆಯ ವಯಸ್ಸಿನಲ್ಲಿ ವಿವಾಹವಾಯಿತು. ಹದಿನಾಲ್ಕರಲ್ಲಿ ವೈಧವ್ಯವು ಪ್ರಾಪ್ತವಾಯಿತು. ಕಾನೂನಿಗೆ ಮಾತ್ರ ಯಾವ ಭಂಗವೂ ಉಂಟಾಗಲಿಲ್ಲ.

ವಕೀಲರಾಗಿದ್ದ ತಂದೆಯವರು ಮಗಳ ವಿದ್ಯೆಗೆ ಆಸರೆಯಾದರು. 1913ರಲ್ಲಿ ಆಕೆಯ ‘ಸುಶೀಲೆ’ ಎಂಬ ಕಾದಂಬರಿಯು ಹೊರಬಿದ್ದಿತು. ಬಳಿಕ ‘ನಭಾ’, ‘ವಿದ್ಯುಲ್ಲತಾ’, ‘ಮಾತೃನಂದಿನಿ’ ಮೊದಲಾದುವು ಬಂದುವು. ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ಆಕೆಯೇ ನಡೆಸಿದರು. ‘ಸುಶೀಲೆ’ಯನ್ನು ಓದಿ ಇಂದಿನ ತರುಣಿಯರು ಮೂಗುಮುರಿದಾರು; ಪಾತಿವ್ರತ್ಯವೇ ಅಲ್ಲಿಯ ಆದರ್ಶ. ಆ ಕಥೆಯಲ್ಲಿ ನಮಗೂ ಕ್ರಾಂತಿಯು ಕಾಣದು. ಆದರೆ ವಿಧವೆಯು ಎದುರಿಗೆ ಬಂದರೆ ಅಪಶಕುನವೆಂದು ಜನರು ಹೊರಟ ದಾರಿಯಿಂದ ಹಿಂದಿರುಗುತ್ತಿದ್ದ ಕಾಲವದು. ಗೃಹಿಣಿಯು ಹೇಗಿರಬೇಕೆಂದು ಮನೆಮನೆಗೂ ಹೇಳುವ ಅಧಿಕಾರವನ್ನು ಅಂದು ಬಾಲವಿಧವೆಯೊಬ್ಬಳೇ ವಹಿಸಿಕೊಂಡುದು ಎಂತಹ ಸಾಹಸವೆಂಬುದನ್ನು ವಾಚಕರೇ ಊಹಿಸಬೇಕು. ತೋಟತುಡಿಕೆಗಳಲ್ಲಿ ಹಿಂದೂ ಸ್ತ್ರೀಯರ ಹಕ್ಕನ್ನು ಹಿಗ್ಗಿಸಿದ ಮೈಸೂರಿನ ಶಾಸನವು ಬಂದುದು 1933ರಲ್ಲಿ, ಅಂದರೆ ‘ಸುಶೀಲೆ’ಗೆ ಇಪ್ಪತ್ತು ವರ್ಷ ತುಂಬಿದ ಮೇಲೆ.

ಸಣ್ಣಕಥೆಗಳನ್ನು ಬರೆದ ಕೊಡಗಿನ ಗೌರಮ್ಮನವರನ್ನೂ ಇಲ್ಲಿ ನೆನೆಯದಿರಲಾರೆವು. 1934ರಲ್ಲಿ ಗಾಂಧೀಜಿಯವರು ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಹಿಡಿದು ಕರೆಯಿಸಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದ ದಿಟ್ಟೆ ಈಕೆ. ಇವರ ಕಥೆಗಳಲ್ಲಿ ಸಹನೆಗೆ ಬಹುಮಾನವು ದೊರೆಯುವುದಿಲ್ಲ. ‘ಅಪರಾಧಿ ಯಾರು?’ ಎಂಬ ಕಥೆಯ ಹೆಸರೇ ಒಂದು ಪ್ರಶ್ನೆ. ವಿಧವೆಯ ಕಡೆಗೆ ಎತ್ತಿದ ಬೆರಳನ್ನು ಲೇಖಕಿಯು ಎತ್ತಿದವರ ಕಡೆಗೇ ತಿರುಗಿಸುತ್ತಾರೆ. ಇಷ್ಟು ಧೈರ್ಯವುಳ್ಳವರೂ ಪತ್ರಿಕೆಗಳಲ್ಲಿ ಬರೆದುದು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು, ಪತಿಯ ಹೆಸರನ್ನು ಮುಂದಿಟ್ಟುಕೊಂಡು! 1939ರಲ್ಲಿ, 27ನೆಯ ವಯಸ್ಸಿನಲ್ಲಿ, ಈಜಲು ಹೋಗಿ ನೀರಿನ ಪಾಲಾದರು.

ತಿರುಮಲಾಂಬೆಯವರು 1982ರವರೆಗೆ ಬದುಕಿದ್ದರು. ಲೇಖನಿಯನ್ನು ದಶಕಗಳ ಹಿಂದೆಯೇ ಕೆಳಗಿಟ್ಟಿದ್ದರು. ಅಜ್ಜಿ, ಮುತ್ತಜ್ಜಿಯರ ಪೆಟ್ಟಿಗೆಯಲ್ಲಿ ಇವರಿಬ್ಬರ ಹಳೆಯ ಪುಸ್ತಕವೇನಾದರೂ ದೊರೆತರೆ, ಹುಳು ತಿಂದುದೆಂದು ರದ್ದಿಗೆ ಹಾಕದೆ ನಮ್ಮ ಶಾಲೆಯ ಪುಸ್ತಕಭಂಡಾರಕ್ಕೆ ಕಳುಹಿಸಿಕೊಡಬೇಕಾಗಿ ಹಳೆಯ ವಿದ್ಯಾರ್ಥಿನಿಯರನ್ನೂ ಪೋಷಕರನ್ನೂ ಪ್ರಾರ್ಥಿಸುತ್ತೇವೆ.