ಕೆಲಸ ಮಾಡದ ಐವರ ಕೆಲಸ

ಜನವರಿಯಲ್ಲಿ ದೆಹಲಿಯ ಚಾಣಕ್ಯಪುರಿಯಲ್ಲಿ, ಕರ್ನಾಟಕ ಭವನವಿರುವ ಕೌಟಿಲ್ಯ ಮಾರ್ಗದ ಆಸುಪಾಸಿನಲ್ಲಿ, ರಾತ್ರಿಯ ಉಷ್ಣಾಂಶ ನಾಲ್ಕೈದು ಡಿಗ್ರಿಗೆ ಇಳಿಯುವುದುಂಟು. ಇದ್ದಿಲು ಉರಿಸುವ ಅಂಗೀಠಿ ಬಯಲಲ್ಲಿದ್ದರೆ ಮೈ ಕಾಯಿಸುತ್ತದೆ, ಮುಚ್ಚಿದ ಕೋಣೆಯಲ್ಲಿದ್ದರೆ ಜೀವ ತೆಗೆಯುತ್ತದೆ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಹೋಗಿ ಹಿಡಿಯುವುದು ನಮ್ಮ ರಕ್ತದ ಕಬ್ಬಿಣವನ್ನು.

ಹಿಮೋಗ್ಲೋಬಿನ್ನಿನ ಒಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಒಂದೊಂದರ ಸುತ್ತಲೂ ಆರು ಜಾಗ. ಈ ಜಾಗಗಳಲ್ಲಿ ಲೋಹಕ್ಕೆ ಬಂದು ಕೂಡಿಕೊಳ್ಳುವವೇ ಲಿಗ್ಯಾಂಡ್‌ಗಳು. ಪಾರ್ಫಿರಿನ್ ಎಂಬ ಚಪ್ಪಟೆ ಉಂಗುರದ ಸಾರಜನಕಗಳು ನಾಲ್ಕು ಜಾಗ ಹಿಡಿದಿವೆ. ಐದನೆಯದರಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲದ ಸಾರಜನಕವಿದೆ. ಆಮ್ಲಜನಕ ಬಂದು ಹೋಗುವುದು ಆರನೆಯ ಜಾಗಕ್ಕೆ ಮಾತ್ರ. ಜಾಗ ಬಿಡದ, ಪ್ರತಿಕ್ರಿಯಿಸದ ಉಳಿದ ಐದನ್ನು ರಸಾಯನಶಾಸ್ತ್ರಜ್ಞರು ಪ್ರೇಕ್ಷಕ ಲಿಗ್ಯಾಂಡ್‌ಗಳೆನ್ನುತ್ತಾರೆ.

ಹೆಸರಿಗೆ ಪ್ರೇಕ್ಷಕರು, ಯಜಮಾನಿಕೆ ಮಾತ್ರ ಅವರದೇ. ಯಕೃತ್ತಿನ ಸೈಟೋಕ್ರೋಮ್ ಪಿ450 ಕಿಣ್ವವನ್ನೇ ನೋಡಿ. ಉಂಗುರವೂ ಅದೇ, ಕಬ್ಬಿಣವೂ ಅದೇ. ಐದನೆಯ ಜಾಗದಲ್ಲಿ ಹಿಸ್ಟಿಡಿನ್ ಬದಲು ಸಿಸ್ಟೀನಿನ ಗಂಧಕವಿದೆ. ಇಲ್ಲಿ ಕಬ್ಬಿಣ ಆಮ್ಲಜನಕವನ್ನು ಸಾಗಿಸುವುದಿಲ್ಲ, ಸೀಳುತ್ತದೆ. ನಾವು ನುಂಗಿದ ಮಾತ್ರೆಗಳ ಔಷಧವನ್ನು ಮಾರ್ಪಡಿಸಿ ಹೊರಹಾಕಲು ಆ ಸೀಳುವ ಶಕ್ತಿಯೇ ಬೇಕು.

ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕ ಇಲ್ಲದಾಗ ಕಬ್ಬಿಣ ಉಂಗುರದ ಮಟ್ಟದಿಂದ ಸುಮಾರು 0.04 ನ್ಯಾನೊಮೀಟರ್ ಆಚೆಗಿರುತ್ತದೆ. ಆಮ್ಲಜನಕ ಕೂಡಿದೊಡನೆ ಒಳಸರಿದು ಹಿಸ್ಟಿಡಿನ್ನನ್ನೂ ಎಳೆಯುತ್ತದೆ. ಆ ಎಳೆತ ಪ್ರೋಟೀನಿನ ಉದ್ದಕ್ಕೂ ಹರಿದು, ಉಳಿದ ಕಬ್ಬಿಣಗಳು ಆಮ್ಲಜನಕವನ್ನು ಇನ್ನಷ್ಟು ಸಲೀಸಾಗಿ ಹಿಡಿಯುತ್ತವೆ. ಹಿಮೋಗ್ಲೋಬಿನ್ನಿನ ರಚನೆ ಬಿಡಿಸಿ 1962ರಲ್ಲಿ ನೊಬೆಲ್ ಪಡೆದ ಮ್ಯಾಕ್ಸ್ ಪೆರುಟ್ಜ್ 1970ರಲ್ಲಿ ಕೊಟ್ಟ ವಿವರಣೆಯಿದು.

ಕಾರ್ಬನ್ ಮಾನಾಕ್ಸೈಡ್‌ಗೂ ಬೇಕಾದದ್ದು ಅದೇ ಆರನೆಯ ಜಾಗ. ಪ್ರೋಟೀನಿನ ಆಸರೆಯಿಲ್ಲದ ಬರಿಯ ಹೀಮ್, ಎಂದರೆ ಕಬ್ಬಿಣ ಕೂಡಿದ ಆ ಉಂಗುರ, ಅದನ್ನು ಆಮ್ಲಜನಕಕ್ಕಿಂತ ಸುಮಾರು 20,000 ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಹಿಮೋಗ್ಲೋಬಿನ್ನಿನಲ್ಲಿ ಆ ಅಂತರ ಸುಮಾರು 200 ಪಟ್ಟಿಗೆ ಇಳಿಯುತ್ತದೆ. ಕಬ್ಬಿಣವನ್ನು ಮುಟ್ಟದೆ ಎದುರು ಬದಿಯಲ್ಲಿರುವ ಇನ್ನೊಂದು ಹಿಸ್ಟಿಡಿನ್, ಹೈಡ್ರೋಜನ್ ಬಂಧದಿಂದ ಆಮ್ಲಜನಕದ ಪರ ನಿಲ್ಲುವುದು ಇದಕ್ಕೊಂದು ಮುಖ್ಯ ಕಾರಣ. ನಮ್ಮ ದೇಹದೊಳಗೇ ಒಂದಿಷ್ಟು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿದ್ದರೂ ನಾವು ಬದುಕಿರುವುದು ಈ ಇಳಿಕೆಯಿಂದ.

ಆದರೆ ಮುಚ್ಚಿದ ಕೋಣೆಯಲ್ಲಿ ಕೊಲ್ಲಲು 200 ಪಟ್ಟೇ ಸಾಕು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಆಗಲೂ 98 ಎಂದು ತೋರಿಸಬಹುದು. ಕಬ್ಬಿಣಕ್ಕೆ ಅಂಟಿರುವುದು ಯಾವ ಅನಿಲವೆಂದು ಅದಕ್ಕೆ ತಿಳಿಯದು. ಮಲಗುವ ಕೋಣೆಗೆ ಅಂಗೀಠಿ ತರಲೇಬೇಡಿ. ತಲೆನೋವು, ಓಕರಿಕೆ ಕಂಡರೆ ಬಯಲಿಗೆ ಬಂದು ನೇರ ಆಸ್ಪತ್ರೆಗೆ ಹೋಗಿ.